ಥಾಯ್ ಭೋಜನವೂ ದೇಹದ ತೂಕವೂ

ತೂಕ ಇಳಿಸಬೇಕೆಂದು ಸಂಕಲ್ಪಿಸಿದ ಮನುಷ್ಯನು, ಗೆಳೆಯರು ಥಾಯ್ ಊಟಕ್ಕೆ ಕರೆದಾಗ ಎರಡು ಬಗೆಯಲ್ಲಿ ನಡೆದುಕೊಳ್ಳುವುದನ್ನು ನಾನು ಕಂಡಿದ್ದೇನೆ: ಒಂದೋ, ಏನಾದರೊಂದು ನೆಪ ಹೇಳಿ ಮನೆಯಲ್ಲಿಯೇ ಉಳಿಯುತ್ತಾನೆ, ಇಲ್ಲವೆ, ಈ ಒಂದು ದಿನ ಹೇಗಾದರೂ ಆಗಲಿ ಎಂದು ಸಂಕಲ್ಪವನ್ನು ಬದಿಗಿಟ್ಟು, ತೆಂಗಿನ ಹಾಲಿನ ಕರಿಯನ್ನೂ ಹುರಿದ ನೂಡಲ್ಸನ್ನೂ ಮಂದಗಟ್ಟಿಸಿದ ಹಾಲಿನ ಚಹವನ್ನೂ ಒಂದೇ ಹೊತ್ತಿನಲ್ಲಿ ಮುಗಿಸಿ, ಮರುದಿನ ಬೆಳಗ್ಗೆ ತೂಕದ ಯಂತ್ರದ ಮೇಲೆ ನಿಂತು ಪರಿತಪಿಸುತ್ತಾನೆ. ಎರಡಕ್ಕೂ ಕಾರಣವಿಲ್ಲವೆಂದು ನನ್ನ ಅಭಿಪ್ರಾಯ. ಮೇದಸ್ಸನ್ನು ಹೆಚ್ಚಿಸುವ ಪದಾರ್ಥಗಳು ಥಾಯ್ ಪಾಕಪದ್ಧತಿಯಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿಯೇ ಇವೆ. ಆದರೆ ಆ ಪದಾರ್ಥಗಳನ್ನು ಮಿತಿಯಲ್ಲಿಡುವ ಭೋಜನಕ್ರಮವೊಂದು ಆ ಜನರ ಮನೆಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದ್ದು, ಊಟವು ಮನೆಯಿಂದ ಹೋಟೆಲಿನ ಮೇಜಿಗೆ ಬರುವಷ್ಟರಲ್ಲಿ ಕ್ರಮವು ಹಿಂದೆ ಉಳಿದು ಪದಾರ್ಥಗಳು ಮಾತ್ರ ಮುಂದೆ ಬಂದಿವೆ. ಆ ಕ್ರಮವನ್ನು ಗ್ರಾಹಕನು ಸ್ವಲ್ಪ ತಿಳಿವಳಿಕೆಯಿಂದ ತನ್ನ ಮೇಜಿಗೆ ಮರಳಿ ತಂದುಕೊಳ್ಳಬಲ್ಲನೆಂಬುದನ್ನು ತೋರಿಸುವುದಷ್ಟೇ ಇಲ್ಲಿ ನನ್ನ ಉದ್ದೇಶ.

ಥಾಯ್ಲೆಂಡಿನ ಗೃಹಸ್ಥರ ಊಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಕ್ಷ್ಯವೆಂಬ ಏರ್ಪಾಡು ಇಲ್ಲ. ಪ್ರತಿಯೊಬ್ಬರ ತಟ್ಟೆಯಲ್ಲಿಯೂ ಅನ್ನವಿರುತ್ತದೆ. ನಡುವೆ, ಎಲ್ಲರ ಕೈಗೂ ಎಟುಕುವಂತೆ, ಒಂದು ಹುಳಿಸಾರು, ಒಂದು ಕರಿ, ಹುರಿದ ಸೊಪ್ಪು, ನಿಂಬೆರಸದಲ್ಲಿ ಕಲಸಿದ ಹಸಿ ತರಕಾರಿ, ಒಂದು ಮೀನು, ಕುಟ್ಟಿದ ಖಾರದ ಒಂದು ಚಿಕ್ಕ ಬಟ್ಟಲು, ಇಷ್ಟನ್ನು ಒಟ್ಟಿಗೇ ಇಡುತ್ತಾರೆ. ಇದಕ್ಕೆ ಸಮ್ರಪ್ ಎಂದು ಹೆಸರು. ಉಣ್ಣುವವನು ಒಮ್ಮೆಗೆ ಒಂದು ಭಕ್ಷ್ಯದಿಂದ ಒಂದೆರಡು ಚಮಚವನ್ನು ಮಾತ್ರ ತನ್ನ ಅನ್ನದ ಮೇಲೆ ಹಾಕಿಕೊಂಡು, ಅದನ್ನು ಮುಗಿಸಿದ ಬಳಿಕ ಮತ್ತೊಂದಕ್ಕೆ ಕೈಚಾಚುತ್ತಾನೆ; ಎಲ್ಲವನ್ನೂ ಏಕಕಾಲಕ್ಕೆ ತಟ್ಟೆಯಲ್ಲಿ ರಾಶಿಹಾಕಿಕೊಳ್ಳುವುದು ಅಲ್ಲಿ ಮರ್ಯಾದೆಯ ಲಕ್ಷಣವಲ್ಲ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು. ಫೋರ್ಕು ಬಾಯಿಗೆ ಹೋಗುವುದಿಲ್ಲ, ಅನ್ನವನ್ನು ಚಮಚದೊಳಕ್ಕೆ ದೂಡುವುದಷ್ಟೇ ಅದರ ಕೆಲಸ. ಚೀಣೀಯರ ಕಡ್ಡಿಗಳನ್ನು ಥಾಯ್ ಜನರು ನೂಡಲ್ಸಿಗೆ ಮಾತ್ರ ಬಳಸುತ್ತಾರೆಂಬುದನ್ನು ತಿಳಿಯದೆ, ಅನ್ನಕ್ಕೂ ಕಡ್ಡಿಗಳನ್ನು ಬೇಡುವ ಪರದೇಶಿಗಳು ಈಗಲೂ ಉಂಟು. ಹೀಗೆ ಚಮಚ ಚಮಚವಾಗಿ, ಒಂದು ರುಚಿಯಿಂದ ಇನ್ನೊಂದಕ್ಕೆ ಸಂಚರಿಸುತ್ತ, ಮಾತನಾಡುತ್ತ ಉಣ್ಣುವ ಊಟವು ಸ್ವಭಾವತಃ ನಿಧಾನವಾದುದು. ಹೊಟ್ಟೆ ತುಂಬಿತೆಂಬ ಸೂಚನೆ ಜಠರದಿಂದ ಮಿದುಳಿಗೆ ಮುಟ್ಟಲು ಬೇಕಾದ ಕಾಲಾವಕಾಶ ಅದರಲ್ಲಿ ತಾನಾಗಿ ದೊರೆಯುತ್ತದೆ.

ಈ ಏರ್ಪಾಡಿನ ಹೃದಯಸ್ಥಾನದಲ್ಲಿರುವುದು ನಾಮ್ ಪ್ರಿಕ್. ಮೆಣಸಿನಕಾಯಿ, ಬೆಳ್ಳುಳ್ಳಿ, ಹುದುಗಿಸಿದ ಸಿಗಡಿಯ ಮುದ್ದೆ, ನಿಂಬೆರಸ, ಚೂರು ತಾಟಿಬೆಲ್ಲ, ಇವನ್ನು ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಿ ಮಾಡಿದ ಈ ಉಗ್ರವಾದ ಖಾರದ ಸುತ್ತ ಹಸಿಯ ತರಕಾರಿಗಳನ್ನೂ ಬೇಯಿಸಿದ ತರಕಾರಿಗಳನ್ನೂ ಜೋಡಿಸಿಡುತ್ತಾರೆ: ಸೌತೆ, ಎಲೆಕೋಸು, ಉದ್ದನೆಯ ಅಲಸಂದೆ, ದುಂಡಗಿನ ಎಳೆಯ ಹಸಿರು ಬದನೆ, ಒಂದೆಲಗದ ಎಲೆ. ಜೊತೆಗೆ ಬಾಣಲೆಯಲ್ಲಿ ಕರಿದ ಪ್ಲಾ ಟೂ ಮೀನು. ನಮ್ಮ ಕರಾವಳಿಯವರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಬಂಗುಡೆಯ ಕುಲಕ್ಕೇ ಸೇರಿದ ಮೀನದು. ಬೆರಳ ತುದಿಯಷ್ಟು ಖಾರವು ಒಂದು ಹಿಡಿ ತರಕಾರಿಯನ್ನೂ ಒಂದು ತುತ್ತು ಅನ್ನವನ್ನೂ ಸಾಗಿಸಿಬಿಡುತ್ತದೆಯಾದ್ದರಿಂದ, ತೂಕದ ಮೇಲೆ ಕಣ್ಣಿಟ್ಟವನಿಗೆ ಇದಕ್ಕಿಂತ ಅನುಕೂಲವಾದ ಆಹಾರವನ್ನು ಯಾವ ವೈದ್ಯನೂ ಬರೆದುಕೊಡಲಾರ. ಹೊರದೇಶಗಳ ಥಾಯ್ ಹೋಟೆಲುಗಳ ಪಟ್ಟಿಯಲ್ಲಿ ನಾಮ್ ಪ್ರಿಕ್ ಅಪರೂಪವಾಗಿರುವುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುವ ಸಂಗತಿ. ಪಟ್ಟಿಯಲ್ಲಿ ಕಾಣದಿದ್ದರೂ ಕೇಳಿನೋಡುವುದು ಒಳ್ಳೆಯದು. ಅಡುಗೆಯವರು ತಮಗಾಗಿ ಒಂದು ಬಟ್ಟಲನ್ನು ಒಳಗೆ ಮಾಡಿಟ್ಟುಕೊಂಡಿರುವುದು ಅಸಂಭವವೇನಲ್ಲ.

ಥಾಯ್ ಹೋಟೆಲುಗಳು ಜಗತ್ತಿನ ಮೂಲೆಮೂಲೆಗೂ ಹಬ್ಬಿದುದು ಅಕಸ್ಮಾತ್ತಾಗಿ ಅಲ್ಲ. ಅಮೆರಿಕದ ಲಾಸ್ ಏಂಜಲಿಸ್ ನಗರಕ್ಕೆ 1960ರ ದಶಕದ ಅನಂತರ ಬಂದು ನೆಲಸಿದ ಥಾಯ್ ಕುಟುಂಬಗಳು ಅಲ್ಲಿ ಊಟದ ಮನೆಗಳನ್ನು ತೆರೆದವು. ಅದೇ ನಗರದ ಒಂದು ಭಾಗವು 1999ರಲ್ಲಿ ಥಾಯ್ ಟೌನ್ ಎಂಬ ಅಧಿಕೃತ ನಾಮಧೇಯವನ್ನು ಪಡೆಯಿತು. ಲಂಡನ್ನಿನ ನಾಮ್ ಎಂಬ ಹೋಟೆಲು ಮಿಶ್ಲಾನ್ ನಕ್ಷತ್ರವನ್ನು ಪಡೆದ ಮೊದಲ ಥಾಯ್ ಭೋಜನಶಾಲೆಯೆನಿಸಿತು. 2002ರಲ್ಲಿ ಥಾಯ್ ಸರ್ಕಾರವು ತನ್ನ ದೇಶದ ಅಡುಗೆಯನ್ನು ಪರದೇಶಗಳಲ್ಲಿ ಹರಡುವುದನ್ನೇ ರಾಷ್ಟ್ರನೀತಿಯಾಗಿ ಕೈಗೊಂಡಾಗ ಹೊರದೇಶಗಳಲ್ಲಿ ಸುಮಾರು 5,500 ಥಾಯ್ ಹೋಟೆಲುಗಳಿದ್ದುವು. ಬಳಿಕ ಆ ಸಂಖ್ಯೆ ಬಹಳವಾಗಿ ಬೆಳೆಯಿತು. ಈ ವಿಸ್ತರಣೆಯಿಂದ ಲೋಕಕ್ಕೆ ಲಾಭವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಬ್ಬನಿಗೆ ಒಂದು ತಟ್ಟೆ ಎಂಬ ಪಾಶ್ಚಾತ್ಯ ಪದ್ಧತಿಗೆ ಒಗ್ಗಿಕೊಳ್ಳುವ ಭರದಲ್ಲಿ, ನಾಲ್ವರು ಹಂಚಿಕೊಳ್ಳಲೆಂದು ಹುಟ್ಟಿದ ಕರಿಯ ಬಟ್ಟಲು ಒಬ್ಬನ ಎದುರಿಗೆ ಬಂದು ಕುಳಿತಿತು. ಹುಳಿ ಖಾರಗಳು ಪರದೇಶಿಯ ನಾಲಗೆಗೆ ತಕ್ಕಂತೆ ತಗ್ಗಿ, ಆ ತೆರವನ್ನು ಸಕ್ಕರೆಯೂ ತೆಂಗಿನ ಹಾಲೂ ತುಂಬಿದುವು.

ತೆಂಗಿನ ಹಾಲಿನ ಕರಿ ಹೇಗೆ ಆಗುತ್ತದೆಂಬುದನ್ನು ಹತ್ತಿರ ನಿಂತು ನೋಡಿದವನಿಗೆ ಅದನ್ನು ಹೇಗೆ ಉಣ್ಣಬೇಕೆಂಬುದು ಬೇರೆ ಹೇಳಬೇಕಾಗುವುದಿಲ್ಲ. ಗ್ರೀನ್ ಕರಿಯನ್ನು ಮಾಡುವ ಅಡುಗೆಯವಳು ಬಾಣಲೆಗೆ ಮೊದಲು ಎಣ್ಣೆಯನ್ನು ಹಾಕುವುದಿಲ್ಲ. ತೆಂಗಿನ ಮೊದಲ ಹಿಂಡಿನ ಗಟ್ಟಿ ಹಾಲನ್ನು ಸುರಿದು, ಕೈಬಿಡದೆ ತಿರುವುತ್ತ ಕುದಿಸುತ್ತಾಳೆ. ಬಿಳಿಯ ಹಾಲು ಮೊದಲು ನೊರೆಗಟ್ಟಿ, ಆಮೇಲೆ ಮಂದವಾಗಿ, ಕಡೆಗೆ ಅಂಚಿನಲ್ಲಿ ಒಡೆದು, ತಿಳಿಯಾದ ಎಣ್ಣೆ ಮೇಲೇಳುತ್ತದೆ. ಬೆಣ್ಣೆ ಕಾಯಿಸುವ ಗೃಹಿಣಿ ತುಪ್ಪದ ಹದವನ್ನು ಸದ್ದಿನಿಂದಲೇ ಅರಿಯುವಂತೆ ಆಕೆಯೂ ಆ ಚಟಪಟದ ಬದಲಾವಣೆಯಿಂದಲೇ ಸಮಯವನ್ನು ಅರಿತು, ಹಸಿಮೆಣಸಿನಕಾಯಿ, ಮಜ್ಜಿಗೆ ಹುಲ್ಲು, ಶುಂಠಿಯ ಬಂಧುವಾದ ಗಲಂಗಲ್, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಕೊತ್ತಂಬರಿಯ ಬೇರು, ಸಿಗಡಿಯ ಮುದ್ದೆ, ಇವನ್ನೆಲ್ಲ ಅರೆದ ಮಸಾಲೆಯನ್ನು ಆ ಎಣ್ಣೆಯಲ್ಲಿಯೇ ಹುರಿಯುತ್ತಾಳೆ. ಕೋಳಿಯ ಮಾಂಸವೋ ಮೀನಿನ ಉಂಡೆಯೋ ಅದರಲ್ಲಿ ಹೊರಳಿದ ಮೇಲೆ ತೆಳು ಹಾಲು ಬೀಳುತ್ತದೆ. ಬದನೆ, ಬಟಾಣಿಯಷ್ಟೇ ಗಾತ್ರದ ಸುಂಡೆಕಾಯಿ, ಮಕ್ರೂಟ್ ನಿಂಬೆಯ ಎಲೆ, ಕಡೆಯಲ್ಲಿ ಕಾಮಕಸ್ತೂರಿಯಂತೆ ಪರಿಮಳಿಸುವ ಎಲೆಗಳು. ಕರಿ ಬಟ್ಟಲಿಗೆ ಬಂದಾಗ ಮೇಲೆ ತೇಲುವ ಹಸಿರುಗಪ್ಪಿನ ತೆಳುಪದರವು ಆ ಒಡೆದ ತೆಂಗಿನ ಎಣ್ಣೆಯೇ.

ಗಟ್ಟಿಯಾದ ತೆಂಗಿನ ಹಾಲಿನಲ್ಲಿ 100 ಗ್ರಾಮಿಗೆ ಸುಮಾರು 200 ಕ್ಯಾಲರಿಗಳೂ 20 ಗ್ರಾಮಿಗೆ ಮಿಗಿಲಾದ ಕೊಬ್ಬೂ ಇರುತ್ತವೆ. ಆ ಕೊಬ್ಬಿನ ಬಹುಭಾಗ ಸಂತೃಪ್ತ ಜಾತಿಯದು. ಹೋಟೆಲಿನವರು ಒಬ್ಬನ ಬಟ್ಟಲಿಗೆ ಒಂದು ಲೋಟ ಹಾಲನ್ನು ಸುರಿದರೆ ಅದೊಂದರಿಂದಲೇ 450 ಕ್ಯಾಲರಿಗಳಷ್ಟಾಯಿತು. ಅಷ್ಟನ್ನು ಅನ್ನದಿಂದ ಪಡೆಯಬೇಕಾದರೆ 350 ಗ್ರಾಮು ಬೆಂದ ಅನ್ನವನ್ನು ತಿನ್ನಬೇಕಾಗುತ್ತದೆ. ಆದರೆ ಅದೇ ಬಟ್ಟಲನ್ನು ನಾಲ್ವರು ಹಂಚಿಕೊಂಡು, ಮಾಂಸವನ್ನೂ ಬದನೆಯನ್ನೂ ಚಮಚದಿಂದ ಎತ್ತಿ ಅನ್ನಕ್ಕೆ ಸೋಕಿಸಿ, ಉಳಿದ ರಸವನ್ನು ಬಟ್ಟಲಲ್ಲಿಯೇ ಬಿಟ್ಟರೆ, ರುಚಿಯು ಪೂರ್ಣವಾಗಿ ದೊರೆತು ಕೊಬ್ಬಿನ ದೊಡ್ಡ ಪಾಲು ಹೊರಗೇ ಉಳಿಯುತ್ತದೆ. ಕರಿಯ ರಸವನ್ನು ಸೂಪಿನಂತೆ ತಳದವರೆಗೆ ಕುಡಿಯುವುದು ಥಾಯ್ ಜನರ ರೂಢಿಯೂ ಅಲ್ಲ. ಪನಾಂಗ್ ಮತ್ತು ಮಸ್ಸಮನ್ ಕರಿಗಳು ಗ್ರೀನ್ ಕರಿಗಿಂತಲೂ ಮಂದವಾದುವು. ಏಲಕ್ಕಿ, ದಾಲ್ಚಿನ್ನಿ, ಲವಂಗಗಳಿಂದ ಕೂಡಿ, ಮುಸಲ್ಮಾನ ವರ್ತಕರ ಮೂಲಕ ಸಯಾಮಿನ ಅರಮನೆಯನ್ನು ಹೊಕ್ಕು, ಎರಡನೆಯ ರಾಮ ಎಂಬ ಅರಸನ ಪದ್ಯದಲ್ಲಿಯೂ ಪ್ರಶಂಸೆಯನ್ನು ಪಡೆದ ಮಸ್ಸಮನ್ ಕರಿಯಲ್ಲಿ ತೆಂಗಿನ ಹಾಲಿನೊಡನೆ ಆಲೂಗೆಡ್ಡೆಯೂ ಕಡಲೆಕಾಯಿಯೂ ಸೇರುವುದರಿಂದ, ಅದನ್ನು ಹಬ್ಬದ ಅಡುಗೆಯೆಂದು ಭಾವಿಸಿ ಅಪರೂಪವಾಗಿ ಸವಿಯುವುದು ಉಚಿತ.

ತೆಂಗಿನ ಹಾಲಿಲ್ಲದೆ ಥಾಯ್ ಕರಿಯೇ ಇಲ್ಲವೆಂಬ ಭಾವನೆ ಪರದೇಶದ ಹೋಟೆಲುಗಳಿಂದ ಹುಟ್ಟಿದ್ದು. ತೆಂಗು ಬೆಳೆಯದ ಕಾಡುಸೀಮೆಗಳಲ್ಲಿ ಹುಟ್ಟಿದ ಕೆಂಗ್ ಪಾ ಎಂಬ ಕರಿಯಲ್ಲಿ ನೀರು, ಮಸಾಲೆ, ಹಸಿರು ಕಾಳುಮೆಣಸಿನ ಗೊಂಚಲು, ಹಿಡಿತುಂಬ ತರಕಾರಿ, ಇಷ್ಟೇ. ಅದರ ಖಾರವನ್ನು ತಾಳಬಲ್ಲವರಿಗೆ ಅದು ಅಮೃತಪ್ರಾಯ. ಹುಣಿಸೆಯ ಹುಳಿಯಲ್ಲಿ ಮೀನನ್ನೂ ತರಕಾರಿಯನ್ನೂ ಬೇಯಿಸುವ ಕೆಂಗ್ ಸೊಮ್, ಕಾಳುಮೆಣಸಿನ ಕಾವಿನಲ್ಲಿ ಹೀರೆ ಕುಂಬಳಗಳನ್ನು ಬೇಯಿಸಿ ಬಾಣಂತಿಯರಿಗೂ ಬಡಿಸುವ ಕೆಂಗ್ ಲಿಯಾಂಗ್, ಇವೆರಡೂ ಹಾಗೆಯೇ ಹಗುರವಾದುವು.

ಪ್ಯಾಡ್ ಥಾಯ್ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಥಾಯ್ ಹೋಟೆಲಿಗೆ ಮೊದಲ ಸಲ ಹೋಗುವವರಲ್ಲಿ ಅನೇಕರು ಬೇಡುವುದು ಅದನ್ನೇ. ಅದು ಪುರಾತನವಾದ ಭಕ್ಷ್ಯವಲ್ಲ. ಸಯಾಮ್ ಎಂಬ ಹೆಸರನ್ನು ತೊರೆದು 1939ರಲ್ಲಿ ಥಾಯ್ಲೆಂಡೆಂದು ಕರೆಯಿಸಿಕೊಂಡ ರಾಷ್ಟ್ರದ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್, ಜನರಲ್ಲಿ ರಾಷ್ಟ್ರಭಾವನೆಯನ್ನು ಬೆಳೆಸುವ ತನ್ನ ಅನೇಕ ಪ್ರಯತ್ನಗಳ ನಡುವೆ ಅಕ್ಕಿಯ ನೂಡಲ್ಸನ್ನು ತಿನ್ನಬೇಕೆಂದು ಪ್ರೋತ್ಸಾಹಿಸಿದ ಕಾಲದಲ್ಲಿ ಅದು ಪ್ರಚಾರಕ್ಕೆ ಬಂತು. ಒಬ್ಬನಿಗೆ ಒಂದು ತಟ್ಟೆಯೆಂಬಂತೆಯೇ ಹುಟ್ಟಿದ, ಬೀದಿಯಲ್ಲಿ ನಿಂತು ಹಸಿವು ನೀಗಿಸಿಕೊಳ್ಳುವವನಿಗೆ ತಕ್ಕ, ಸ್ವಯಂಪೂರ್ಣವಾದ ಊಟವದು. ಲೆಕ್ಕವನ್ನು ನಾವೇ ಮಾಡಿನೋಡೋಣ. ದೊಡ್ಡ ತಟ್ಟೆಯೊಂದಕ್ಕೆ 100 ಗ್ರಾಮು ಒಣ ನೂಡಲ್ಸು ಹಾಕಿದರೆ 360 ಕ್ಯಾಲರಿ. ಎರಡು ದೊಡ್ಡ ಚಮಚ ಎಣ್ಣೆಯಿಂದ 240. ಒಂದು ಮೊಟ್ಟೆಯಿಂದ 70. 25 ಗ್ರಾಮು ಸಕ್ಕರೆ ಅಥವಾ ತಾಟಿಬೆಲ್ಲದಿಂದ ಸುಮಾರು 100. ಮೇಲೆ ಉದುರಿಸುವ 15 ಗ್ರಾಮು ಕಡಲೆಕಾಯಿಯಿಂದ 85. ಟೋಫುವಿಗೂ ಸಿಗಡಿಗೂ ಸೇರಿ ಇನ್ನೊಂದು 100. ಒಟ್ಟು 950ನ್ನು ದಾಟಿತು. ದಿನಕ್ಕೆ 1,500 ಕ್ಯಾಲರಿಗಳ ಮಿತಿಯನ್ನು ಹಾಕಿಕೊಂಡವನ ಮೂರನೆಯ ಎರಡು ಪಾಲಿಗೆ ಸಮೀಪವಾದ ಮೊತ್ತವಿದು. ಎಣ್ಣೆ ಚಮಚ ಲೆಕ್ಕವಿಲ್ಲದೆ ಬೀಳುವ ಹೋಟೆಲುಗಳಲ್ಲಿ ಇನ್ನೂ ಹೆಚ್ಚಾಗಬಹುದು.

ಹಾಗೆಂದು ಅದನ್ನು ನಿಷೇಧಿಸಬೇಕಾಗಿಲ್ಲ. ಬ್ಯಾಂಕಾಕಿನ ಬೀದಿಗಳಲ್ಲಿ ಸಿಗುವ ತಟ್ಟೆ ಪರದೇಶಗಳ ಹೋಟೆಲಿನ ತಟ್ಟೆಗಿಂತ ಸಾಮಾನ್ಯವಾಗಿ ಚಿಕ್ಕದು. ಪಕ್ಕದಲ್ಲಿ ಹಸಿಯ ಮೊಳಕೆಕಾಳು, ಚೀಣೀ ಈರುಳ್ಳಿ ಸೊಪ್ಪು, ಬಾಳೆಯ ಹೂವು, ನಿಂಬೆಯ ಹೋಳು ಇರುತ್ತವೆ. ಆ ಹಸಿರನ್ನು ಅಲಂಕಾರವೆಂದು ಬದಿಗೆ ಸರಿಸದೆ ನೂಡಲ್ಸಿನೊಡನೆ ಕಲಸಿ ತಿಂದರೆ, ಅರ್ಧ ತಟ್ಟೆಯಲ್ಲಿಯೇ ತೃಪ್ತಿಯುಂಟಾಗುತ್ತದೆ. ಉಳಿದ ಅರ್ಧವನ್ನು ಎದುರಿನ ಗೆಳೆಯನಿಗೆ ದಾಟಿಸಬಹುದು. ನೂಡಲ್ಸಿನ ಅಂಗಡಿಗಳ ಪ್ರತಿ ಮೇಜಿನ ಮೇಲೂ ನಾಲ್ಕು ಭರಣಿಗಳ ಒಂದು ಗೂಡು ಇರುತ್ತದೆ: ಒಂದರಲ್ಲಿ ಮೆಣಸಿನ ಪುಡಿ, ಒಂದರಲ್ಲಿ ಮೆಣಸಿನಕಾಯಿ ತೇಲುವ ಮೀನಿನ ದ್ರವ, ಒಂದರಲ್ಲಿ ಮೆಣಸಿನಕಾಯಿಯ ವಿನೆಗರು, ಒಂದರಲ್ಲಿ ಸಕ್ಕರೆ. ಗ್ರಾಹಕನೇ ತನ್ನ ರುಚಿಯನ್ನು ತಾನೇ ಸರಿಪಡಿಸಿಕೊಳ್ಳಲೆಂದು ಇರಿಸಿದ ಏರ್ಪಾಡದು. ಸಕ್ಕರೆಯ ಭರಣಿಯನ್ನು ಮುಟ್ಟದೆ ವಿನೆಗರಿನ ಭರಣಿಯ ಕಡೆಗೆ ಕೈಯೋಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಸಂತೋಷದಿಂದ ಹೊಟ್ಟೆತುಂಬ ಉಣ್ಣತಕ್ಕ ಭಕ್ಷ್ಯಗಳು ಬೇರೆ ಕಡೆ ಇವೆ. ಪಟ್ಟಿಯಲ್ಲಿ ಯಮ್, ಟೊಮ್, ಲಾಪ್, ಸೊಮ್ ತಮ್ ಎಂಬ ಹೆಸರುಗಳಿರುವ ಪುಟವನ್ನೇ ಮೊದಲು ತೆರೆಯಬೇಕು. ಟೊಮ್ ಯಮ್ ಸಾರಿನ ತಿಳಿಯಾದ ಬಗೆಯಲ್ಲಿ ಮಜ್ಜಿಗೆ ಹುಲ್ಲು, ಗಲಂಗಲ್, ಮಕ್ರೂಟ್ ಎಲೆ, ಅಣಬೆ, ಸಿಗಡಿ, ನಿಂಬೆರಸ, ಮೆಣಸಿನಕಾಯಿಗಳನ್ನು ಬಿಟ್ಟರೆ ದೇಹಕ್ಕೆ ಭಾರವಾಗುವಂಥದೇನೂ ಇಲ್ಲ. ಮಂದವಾದ ಹಾಲನ್ನು ಬೆರಸಿದ ಇನ್ನೊಂದು ಬಗೆಯೂ ಇರುವುದರಿಂದ, ತಿಳಿಸಾರೇ ಬೇಕೆಂದು ಹೇಳುವುದು ಅವಶ್ಯ. ತೆಂಗಿನ ಹಾಲಿನ ಟೊಮ್ ಖಾ ಇದರ ಸೋದರಿಯಂತೆ ಕಂಡರೂ ಸ್ವಭಾವದಲ್ಲಿ ಕರಿಯ ಕಡೆಯವಳು. ಸಿಗಡಿಯ ಟೊಮ್ ಯಮ್ 2024ರಲ್ಲಿ ಯುನೆಸ್ಕೊ ಸಂಸ್ಥೆಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿ ಗೌರವವನ್ನು ಪಡೆದಿದೆ. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬಾರ್ಬರಾ ರೋಲ್ಸ್ ಮತ್ತು ಅವರ ಸಹೋದ್ಯೋಗಿ 2007ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಊಟಕ್ಕೆ ಮುಂಚೆ ಹಗುರವಾದ ಸೂಪನ್ನು ಕುಡಿದವರು, ಸೂಪಿನ ಕ್ಯಾಲರಿಗಳನ್ನೂ ಸೇರಿಸಿಕೊಂಡು, ಕುಡಿಯದಿದ್ದಾಗ ಉಂಡುದಕ್ಕಿಂತ ಶೇಕಡ 20ರಷ್ಟು ಕಡಿಮೆ ಉಂಡರೆಂದು ಕಂಡುಬಂತು. ಥಾಯ್ ಜನರು ಸಾರನ್ನು ಮೊದಲೆಂದು ಬೇರೆಯಾಗಿ ಕುಡಿಯದೆ ಊಟದ ನಡುನಡುವೆ ಗುಟುಕರಿಸುತ್ತಾರೆ; ತೂಕದ ದೃಷ್ಟಿಯುಳ್ಳವನು ಮೊದಲ ಬಟ್ಟಲನ್ನು ಮುಂಚಿತವಾಗಿಯೇ ಮುಗಿಸಿದರೆ ಅದರಿಂದ ಯಾರ ಸಂಪ್ರದಾಯಕ್ಕೂ ಭಂಗವಿಲ್ಲ.

ಸೊಮ್ ತಮ್ ನನಗೆ ಅತ್ಯಂತ ಪ್ರಿಯವಾದುದು. ಈಶಾನ್ಯದ ಇಸಾನ್ ಸೀಮೆಯ ಮತ್ತು ಲಾವೋಸಿನ ಜನರ ಈ ತಿನಿಸನ್ನು ಮಾಡುವ ಹೆಂಗಸು, ಎತ್ತರವಾದ ಮಣ್ಣಿನ ಒರಳಿನ ಮುಂದೆ ಚಿಕ್ಕ ಮಣೆಯ ಮೇಲೆ ಕುಳಿತು, ಎಷ್ಟು ಮೆಣಸಿನಕಾಯಿ ಎಂದು ಮೊದಲು ಕೇಳುತ್ತಾಳೆ. ಬೆಳ್ಳುಳ್ಳಿ ಮೆಣಸಿನಕಾಯಿಗಳು ಮರದ ಒನಕೆಯ ಎರಡೇಟಿಗೆ ಒಡೆದ ಮೇಲೆ, ತುಂಡು ಅಲಸಂದೆ, ಕಡಲೆಕಾಯಿ, ಒಣ ಸಿಗಡಿ, ಟೊಮೇಟೊ ಹೋಳು, ನಿಂಬೆರಸ, ಮೀನಿನ ದ್ರವ, ತಾಟಿಬೆಲ್ಲದ ಒಂದು ಗಟ್ಟಿ ಮುದ್ದೆ. ಕಡೆಯಲ್ಲಿ ಹಸಿಯ ಪರಂಗಿಕಾಯಿಯ ನೀಳವಾದ ಎಳೆಗಳು. ಆಕೆಯ ಬಲಗೈ ಒನಕೆಯಿಂದ ಮೆತ್ತಗೆ ಕುಟ್ಟುತ್ತಿದ್ದರೆ ಎಡಗೈಯ ಚಮಚ ಅಡಿಯದನ್ನು ಮೇಲಕ್ಕೆ ಮಗುಚುತ್ತಿರುತ್ತದೆ. ಎಳೆಗಳು ಜಜ್ಜಿಹೋಗಬಾರದು, ರಸವನ್ನು ಹೀರುವಷ್ಟು ಮಾತ್ರ ಬಾಗಬೇಕು. ಆ ಬೆಲ್ಲದ ಮುದ್ದೆ ಒರಳಿಗೆ ಬೀಳುವ ಮೊದಲು ವಾನ್ ನಾಯ್, ಅಂದರೆ ಸಿಹಿ ಕಡಿಮೆ, ಎಂದು ಹೇಳಿದರೆ ಆಕೆ ತಲೆಯಾಡಿಸಿ ಅರ್ಧವನ್ನು ಹಿಂದಕ್ಕಿಡುತ್ತಾಳೆ. ಪ್ರತಿಯೊಂದನ್ನೂ ಗ್ರಾಹಕನ ಕಣ್ಣೆದುರಿಗೇ ಆಗಿಂದಾಗ ಮಾಡುವ ತಿನಿಸಾದ್ದರಿಂದ ಈ ಬೇಡಿಕೆ ಅಲ್ಲಿ ಸಹಜವಾದದ್ದು. ಯಾವುದಾದರೊಂದು ಪದಾರ್ಥವನ್ನು ಬೇಡವೆಂದರೂ ಯಾರೂ ಬೇಸರಿಸರು. ಪರಂಗಿಯಾಗಲಿ ಮೆಣಸಿನಕಾಯಿಯಾಗಲಿ ಆ ದೇಶದ ಮೂಲ ಬೆಳೆಗಳಲ್ಲವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ: 1510ರಲ್ಲಿ ಗೋವೆಯನ್ನೂ 1511ರಲ್ಲಿ ಮಲಾಕ್ಕವನ್ನೂ ಹಿಡಿದ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅಮೆರಿಕದಿಂದ ಬಂದ ಮೆಣಸಿನಕಾಯಿ ನಮ್ಮ ಬ್ಯಾಡಗಿಯ ಹೊಲಗಳಿಗೂ ಅವರ ಒರಳುಗಳಿಗೂ ಸಮಾನವಾದ ಬಂಧು.

ಹುರಿದ ಅಕ್ಕಿಯ ಪುಡಿ, ಪುದೀನ, ಸಣ್ಣ ಈರುಳ್ಳಿ, ನಿಂಬೆರಸಗಳೊಡನೆ ಕೊಚ್ಚಿದ ಕೋಳಿಯ ಮಾಂಸವನ್ನು ಕಲಸುವ ಲಾಪ್‌ನಲ್ಲಿ ಎಣ್ಣೆಯ ಸೋಂಕೇ ಇರುವುದಿಲ್ಲ. ಹಬೆಯಲ್ಲಿ ಬೇಯಿಸಿ ನಿಂಬೆ ಬೆಳ್ಳುಳ್ಳಿಗಳ ರಸವನ್ನು ಸುರಿದ ಇಡಿಯ ಮೀನೂ ಹಾಗೆಯೇ. ನಮ್ಮ ಅಂಗಳದ ತುಳಸಿಯ ಜಾತಿಯ ಎಲೆಗಳನ್ನೇ ಹಾಕಿ ಹುರಿಯುವ ಪ್ಯಾಡ್ ಕ್ರಪಾವ್‌ನ ಪರಿಮಳವು ಮನಮೋಹಕವಾದುದು. ಅದರ ಮೇಲೆ ಕೂರಿಸುವ, ಎಣ್ಣೆಯಲ್ಲಿ ಅಂಚು ಗರಿಗರಿಯಾಗುವಂತೆ ಮುಳುಗಿಸಿ ಕರಿದ ಮೊಟ್ಟೆಯನ್ನು ಬೇಡವೆನ್ನಬಹುದು. ಸ್ಪ್ರಿಂಗ್ ರೋಲು, ಮೀನಿನ ವಡೆ ಮೊದಲಾದ ಕರಿದ ತಿನಿಸುಗಳ ವಿಷಯದಲ್ಲಿ ಹೇಳುವುದಕ್ಕೆ ಹೆಚ್ಚೇನೂ ಇಲ್ಲ.

ಅನ್ನದ ಪ್ರಶ್ನೆ ಕಠಿಣವಾದದ್ದು. ಮಲ್ಲಿಗೆಯ ಕಂಪಿನ ಆ ಅನ್ನವು ಬಹು ಬೇಗನೆ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವುದರಿಂದ ಹಸಿವು ಮರಳಿ ಬೇಗ ಬರುತ್ತದೆ. ಅನ್ನವನ್ನು ಪೂರ್ತಿಯಾಗಿ ಬಿಟ್ಟು ಥಾಯ್ ಭಕ್ಷ್ಯಗಳನ್ನು ಬರಿದೇ ತಿನ್ನುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಅವುಗಳ ಉಪ್ಪು ಖಾರಗಳ ತೀವ್ರತೆಯನ್ನು ಅನ್ನದ ಸೌಮ್ಯತೆಯನ್ನು ನಂಬಿಯೇ ನಿಶ್ಚಯಿಸಿರುತ್ತಾರೆ. ಒಂದು ಲೋಟ ಬೆಂದ ಅನ್ನದಲ್ಲಿ ಸುಮಾರು 200 ಕ್ಯಾಲರಿಗಳು. ಅಷ್ಟನ್ನು ಮೊದಲೇ ತಟ್ಟೆಗೆ ಹಾಕಿಸಿಕೊಂಡು, ಅನ್ನದ ಬೋಗುಣಿಯನ್ನು ಮೇಜಿನ ಮತ್ತೊಂದು ತುದಿಗೆ ಕಳುಹಿಸುವುದೇ ಸರಿಯೆಂದು ನನಗೆ ತೋರುತ್ತದೆ. ಹುರಿದ ಅನ್ನಕ್ಕೆ ಎಣ್ಣೆ ಸೇರುವುದರಿಂದ ಅದು ಬೇರೆಯೇ ಲೆಕ್ಕ.

ಮರುದಿನ ಬೆಳಗ್ಗೆ ಯಂತ್ರವು ಒಂದು ಕಿಲೋ ಹೆಚ್ಚು ತೋರಿಸಿತೆಂದು ಎದೆಗುಂದುವವರಿಗೆ ಸಮಾಧಾನವನ್ನು ಹೇಳಲೇಬೇಕು. ಒಂದು ಕಿಲೋ ಮೇದಸ್ಸು ಶೇಖರವಾಗಬೇಕಾದರೆ ದೇಹಕ್ಕೆ ಬೇಕಾದುದಕ್ಕಿಂತ 7,700ರಷ್ಟು ಕ್ಯಾಲರಿಗಳು ಹೆಚ್ಚಾಗಿ ಸೇರಬೇಕು. ಒಂದು ರಾತ್ರಿಯ ಭೋಜನದಿಂದ ಅದು ಆಗಲಾರದು. ಏರಿದ್ದು ನೀರು. ನಾಮ್ ಪ್ಲಾ ಎಂಬ ಮೀನಿನ ದ್ರವದ ಒಂದು ದೊಡ್ಡ ಚಮಚದಲ್ಲಿ 1,400 ಮಿಲಿಗ್ರಾಮಿನಷ್ಟು ಸೋಡಿಯಂ ಇರುತ್ತದೆ. ದಿನವಿಡೀ 2,000 ಮಿಲಿಗ್ರಾಮಿಗಿಂತ ಕಡಿಮೆ, ಅಂದರೆ 5 ಗ್ರಾಮು ಉಪ್ಪಿನೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೇಹವು ಉಪ್ಪನ್ನು ಹಿಡಿದಿಟ್ಟಾಗ ಅದರೊಡನೆ ನೀರನ್ನೂ ಹಿಡಿದಿಡುತ್ತದೆ. ಅನ್ನ ನೂಡಲ್ಸುಗಳ ಶರ್ಕರವು ಗ್ಲೈಕೊಜನ್ ಆಗಿ ಸ್ನಾಯುಗಳಲ್ಲಿ ಶೇಖರವಾಗುವಾಗಲೂ ನೀರು ಜೊತೆಗೂಡುತ್ತದೆ. ಎರಡು ಮೂರು ದಿನಗಳಲ್ಲಿ ಅದು ತಾನಾಗಿ ಇಳಿಯುವುದರಿಂದ, ಆ ಬೆಳಗ್ಗೆ ಉಪವಾಸ ಕೂರುವುದು ನಿರರ್ಥಕ. ಆದರೆ ರಕ್ತದೊತ್ತಡವುಳ್ಳವರು ಇದನ್ನು ಲಘುವಾಗಿ ಎಣಿಸಕೂಡದು. ಅವರಿಗೆ ಥಾಯ್ ಊಟದಲ್ಲಿ ಕೊಬ್ಬಿಗಿಂತಲೂ ಉಪ್ಪೇ ದೊಡ್ಡ ಶತ್ರು.

ಥಾಯ್ ದೇಶವೇ ಈಗ ಸಕ್ಕರೆಯೊಡನೆ ಹೋರಾಡುತ್ತಿದೆಯೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ನಾನು ವರ್ಣಿಸಿದ ಮನೆಯ ಊಟವು ನಗರಗಳಲ್ಲಿ ಕ್ಷೀಣಿಸುತ್ತಿದೆ. ಒಂದೇ ತಟ್ಟೆಯ ಆಹಾರಗಳೂ ಸಿಹಿಪಾನೀಯಗಳೂ ಅಲ್ಲಿಯೂ ಹೆಚ್ಚಿ, 2017ರ ಸೆಪ್ಟೆಂಬರಿನಲ್ಲಿ ಸರ್ಕಾರವು ಪಾನೀಯಗಳ ಸಕ್ಕರೆಯ ಪ್ರಮಾಣಕ್ಕನುಗುಣವಾಗಿ ತೆರಿಗೆಯನ್ನು ವಿಧಿಸಬೇಕಾಯಿತು. ನಮ್ಮಂತೆಯೇ ಅವರಲ್ಲಿಯೂ, ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲಿಯೇ ಮಧುಮೇಹವು ಕಾಣಿಸಿಕೊಳ್ಳುವುದರಿಂದ, ಬಿಎಂಐ ಎಂಬ ದೇಹದ್ರವ್ಯಸೂಚಿಯು 23ನ್ನು ದಾಟಿದರೆ ತೂಕ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ.

ಸಸ್ಯಾಹಾರಿಗಳಾದ ಕನ್ನಡಿಗರಿಗೆ ತೊಡಕು ಬೇರೆ. ಮಾಂಸವನ್ನು ಬೇಡವೆಂದರೂ ಕರಿಯ ಮಸಾಲೆಯಲ್ಲಿ ಸಿಗಡಿಯ ಮುದ್ದೆಯೂ ಸಾರಿನಲ್ಲಿ ನಾಮ್ ಪ್ಲಾ ದ್ರವವೂ ಸೇರಿರುತ್ತವೆ. ತರಕಾರಿಯ ಗ್ರೀನ್ ಕರಿ ಎಂದು ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಅದು ಶುದ್ಧ ಸಸ್ಯಾಹಾರವಾಗದು. ಬ್ಯಾಂಕಾಕಿಗೆ ಹೋದವರು ಹಳದಿಯ ಬಾವುಟದ ಮೇಲೆ ಕೆಂಪು ಅಕ್ಷರಗಳಲ್ಲಿ ಜೇ ಎಂದು ಬರೆದ ಅಂಗಡಿಗಳನ್ನು ಹುಡುಕಬೇಕು. ಚೀಣೀ ಪಂಚಾಂಗದ ಒಂಬತ್ತನೆಯ ತಿಂಗಳಿನಲ್ಲಿ ಒಂಬತ್ತು ದಿನ ನಡೆಯುವ ಸಸ್ಯಾಹಾರದ ವ್ರತದ ಕಾಲದಲ್ಲಿ, ವಿಶೇಷವಾಗಿ ಫುಕೆಟ್ ನಗರದಲ್ಲಿ, ಬೀದಿಗೆ ಬೀದಿಯೇ ಆ ಬಾವುಟಗಳಿಂದ ತುಂಬುತ್ತದೆ. ಆ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲುಗಳಲ್ಲದೆ ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯವಾದ್ದರಿಂದ ನಮ್ಮ ಮಡಿವಂತರೂ ನಿಶ್ಚಿಂತೆಯಿಂದ ಉಣ್ಣಬಹುದು. ಆದರೆ ಮಾಂಸದ ಆಕಾರವನ್ನು ತಳೆದ ಗೋಧಿಯ ಅಂಟನ್ನೂ ಟೋಫುವನ್ನೂ ಅಲ್ಲಿ ಬಹುವಾಗಿ ಕರಿಯುತ್ತಾರೆ. ಸಸ್ಯಾಹಾರವೆಂದೊಡನೆ ಹಗುರವೆಂದು ತಿಳಿಯಬಾರದು. ಬೇಯಿಸಿದ ಟೋಫು, ಅಣಬೆಯ ಸಾರು, ಬೆಳ್ಳುಳ್ಳಿ ಬೇಕೆನ್ನುವವರು ಬೇರೆಡೆ ಸೋಯಾರಸದಲ್ಲಿ ಹುರಿಸಿಕೊಂಡ ನೀರುಸೊಪ್ಪು, ಇವು ಸಾಕಷ್ಟು ತೃಪ್ತಿಕರ.

ಪಾನೀಯದ ವಿಷಯದಲ್ಲಿ ನಾನು ಕಠೋರನಾಗಬೇಕಾಗಿದೆ. ಕೇಸರಿ ಬಣ್ಣದ ಥಾಯ್ ಚಹಕ್ಕೆ ಸಕ್ಕರೆಯೂ ಮಂದಗಟ್ಟಿಸಿದ ಸಿಹಿಹಾಲೂ ಎರಡೂ ಬೀಳುತ್ತವೆ. ಆ ಸಿಹಿಹಾಲಿನಲ್ಲಿ 100 ಗ್ರಾಮಿಗೆ 320 ಕ್ಯಾಲರಿಗಳು. ದಿನಕ್ಕೆ 25 ಗ್ರಾಮಿನೊಳಗೆ ಸಕ್ಕರೆ ಸಾಕೆಂಬ ವಿಶ್ವ ಆರೋಗ್ಯ ಸಂಸ್ಥೆಯ 2015ರ ಆಶಯವನ್ನು ಒಂದು ಎತ್ತರದ ಲೋಟ ಸುಲಭವಾಗಿ ಮೀರಿಬಿಡಬಲ್ಲುದು. ಖಾರದ ಉರಿಯನ್ನು ತಣಿಸಲು ಜನರು ಎರಡನೆಯ ಲೋಟವನ್ನೂ ತರಿಸುತ್ತಾರೆ. ಎಳನೀರು ಅಥವಾ ಸಕ್ಕರೆಯಿಲ್ಲದ ಮಜ್ಜಿಗೆ ಹುಲ್ಲಿನ ಕಷಾಯವನ್ನು ಕೇಳುವುದು ಮೇಲು; ಉರಿಯನ್ನು ತಣಿಸುವುದಕ್ಕಾದರೆ ಸೌತೆಯ ಹೋಳೂ ಒಂದು ತುತ್ತು ಬರಿಯ ಅನ್ನವೂ ಸಾಲುತ್ತವೆ.

ಸಿಹಿತಿನಿಸುಗಳಲ್ಲಿ ಎಲ್ಲರೂ ಬಯಸುವುದು ಮಾವಿನ ಹಣ್ಣಿನೊಡನೆ ಅಂಟಕ್ಕಿಯ ಅನ್ನ. ಹಬೆಯಲ್ಲಿ ಬೆಂದ ಅಂಟಕ್ಕಿಯು ಬಿಸಿಯಾಗಿರುವಾಗಲೇ ಸಕ್ಕರೆ ಬೆರಸಿದ ತೆಂಗಿನ ಗಟ್ಟಿ ಹಾಲನ್ನು ಹೀರಿಕೊಂಡು ಹೊಳೆಯುತ್ತದೆ. ಅದರ ಮೇಲೆ ಮತ್ತಷ್ಟು ಹಾಲು, ಹುರಿದ ಹೆಸರುಬೇಳೆ. ಏಪ್ರಿಲ್ ಮೇ ತಿಂಗಳುಗಳಲ್ಲಿ, ಅಲ್ಲಿಯ ಹೊಂಬಣ್ಣದ ಮಾವು ಮಾಗಿದ ಕಾಲದಲ್ಲಿ, ಅದನ್ನು ತಿನ್ನಬೇಡಿರೆಂದು ಹೇಳುವಷ್ಟು ನಿರ್ದಯನು ನಾನಲ್ಲ. ಮೇಜಿನಲ್ಲಿ ನಾಲ್ವರಿದ್ದರೆ ಒಂದು ತಟ್ಟೆಯನ್ನು ತರಿಸಿ, ಮೇಲಿನ ಹಾಲನ್ನು ಬೇರೆ ಬಟ್ಟಲಲ್ಲಿ ಕೊಡುವಂತೆ ಹೇಳಿ, ಹಣ್ಣನ್ನು ಹೆಚ್ಚಾಗಿಯೂ ಅನ್ನವನ್ನು ಒಂದೆರಡು ಚಮಚದಷ್ಟಾಗಿಯೂ ಹಂಚಿಕೊಳ್ಳಬಹುದು. ಉಳಿದ ತಿಂಗಳುಗಳಲ್ಲಿ ಹೆಚ್ಚಿದ ಪರಂಗಿ, ಅನಾನಸ್, ಚಕ್ಕೋತಗಳ ತಟ್ಟೆ ಅಲ್ಲಿನ ಹೋಟೆಲುಗಳಲ್ಲಿ ಕೇಳಿದರೆ ದೊರೆಯುತ್ತದೆ. ಪಕ್ಕದಲ್ಲಿ ಸಕ್ಕರೆ, ಉಪ್ಪು, ಮೆಣಸಿನ ಪುಡಿಗಳನ್ನು ಬೆರಸಿದ ಪೊಟ್ಟಣವೊಂದನ್ನು ಇಡುತ್ತಾರೆ, ಅದನ್ನು ಬಿಡಿಸದೆಯೇ ಇರಬಹುದು.